ಪಾಯಸದ ಡಬ್ಬಿ ಮತ್ತು ನಾಲ್ಕು ಶಾಕಬ್ಸರ್

ಎರಡು ವರ್ಷದ ಹಿಂದಿನ ಯುಗಾದಿ. ಇಲ್ಲಿ ಡೆಟ್ರಾಯಿಟ್ ಕಡೆ ಕನ್ನಡ ಕೂಟದ ಹಬ್ಬದ ಊಟಕ್ಕೆ ಹೊರಟಿದ್ದೆವು. ಯಾರು ಏನು ತರಬೇಕು ಅನ್ನೋ ಪಟ್ಟಿಯಲ್ಲಿ ನಮ್ಮ ಪಾಲಿಗೆ ಶಾವಿಗೆ ಪಾಯಸ ಬಂದಿತ್ತು. ದೊಡ್ಡ ಕಾರಿನ ಬ್ಯಾಟರಿ ಬೆಳಗ್ಗೆಯೇ ಕೈಕೊಟ್ಟಿತ್ತು. ಉಳಿದಿದ್ದು ನನ್ನ ಕೆಂಪು ಮಿಯಾಟಾ, ಚಾವಣಿ ಮಡಚುವ ಪುಟ್ಟ ಸ್ಪೋರ್ಟ್ಸ್ ಕಾರು. ಅದಕ್ಕೆ ಹಿಂದಿನ ಸೀಟೇ ಇಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಒಂದು ಕಡೆ, ಬ್ಯಾಟರಿ ಒಂದು ಕಡೆ ಜಾಗ ಹಿಡಿದು ಕೂತಿರುತ್ತವೆ. ಹಾಗಾಗಿ ಪಾಯಸದ ಸ್ಟೀಲ್ ಡಬ್ಬಿ ನನ್ನ ಹೆಂಡತಿಯ ತೊಡೆ ಮೇಲೆ ಕೂತಿತು. ಅವಳು ಉಟ್ಟಿದ್ದು ರೇಷ್ಮೆ ಸೀರೆ.

ಮಿಷಿಗನ್‌ನಲ್ಲಿ ಯುಗಾದಿ ಅಂದರೆ ಮಾವಿನ ಚಿಗುರಿನ ಕಾಲ ಅಲ್ಲ, ರಸ್ತೆ ಗುಂಡಿಗಳ ಕಾಲ. ಚಳಿಗಾಲವೆಲ್ಲ ನೀರು ಬಿರುಕಿಗೆ ಇಳಿದು ಹೆಪ್ಪುಗಟ್ಟಿ ಉಬ್ಬಿರುತ್ತದೆ. ಮಾರ್ಚ್‌ನಲ್ಲಿ ಕರಗಿ, ಮತ್ತೆ ಹೆಪ್ಪುಗಟ್ಟಿ, ಮತ್ತೆ ಕರಗಿ ಕಾಂಕ್ರೀಟನ್ನು ಒಳಗಿಂದ ಕಿತ್ತುಹಾಕುತ್ತದೆ. ಹೈವೇ ಹತ್ತುವ ಮೊದಲೇ ಅಂಥದ್ದೊಂದು ಸಿಕ್ಕಿತು. ದೊಡ್ಡದೇನಲ್ಲ, ಊಟದ ತಟ್ಟೆಯಷ್ಟು ಅಗಲ. ಆದರೆ ಕಾರು ಧಡ್ ಅಂತ ಕುಕ್ಕಿತು. ಡಬ್ಬಿಯ ಮುಚ್ಚಳ ಮೇಲೆದ್ದು ಪಕ್ಕಕ್ಕೆ ಬಿತ್ತು. ಪಾಯಸ ಎಲ್ಲಿಗೆ ಹೋಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅವಳು ಪಾರ್ಕಿಂಗ್ ತಲುಪುವವರೆಗೂ ಮಾತಾಡಲಿಲ್ಲ. ಆಮೇಲೆ ಸೀರೆ ಒರೆಸಿಕೊಳ್ಳುತ್ತಾ ಕೇಳಿದಳು. "ರೀ, ಹೋದ ವರ್ಷ ಇದು ದೋಣಿ ತರ ಇತ್ತು. ಈ ವರ್ಷ ಎತ್ತಿನ ಗಾಡಿ ತರ ಇದೆ. ಇದಕ್ಕೆ ದುಡ್ಡು ಬೇರೆ ಕೊಟ್ರಾ?"

ಕೊಟ್ಟಿದ್ದೆ. ಸಾಕಷ್ಟೇ ಕೊಟ್ಟಿದ್ದೆ.

ಕಾರಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. 1992ರ ಮಾಜ್ಡಾ ಮಿಯಾಟಾ. ಮೊದಲ ತಲೆಮಾರಿನದು, ಕಪ್ಪೆ ಕಣ್ಣು ಬಿಟ್ಟ ಹಾಗೆ ಹೆಡ್‌ಲೈಟ್ ಮೇಲೆದ್ದು ನಿಲ್ಲುತ್ತಲ್ಲ, ಅದು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲ ಸಲ ತೋರಿಸಿದರು. 1997ರವರೆಗೆ ಈ ರೂಪದಲ್ಲಿ 4 ಲಕ್ಷಕ್ಕೂ ಜಾಸ್ತಿ ತಯಾರಾದವು. ನನ್ನದರಲ್ಲಿ 1.6 ಲೀಟರ್ ಎಂಜಿನ್, 116 ಕುದುರೆ ಶಕ್ತಿ. ಇವತ್ತಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಕಾರಿನ ತೂಕವೂ ಹೆಚ್ಚುಕಮ್ಮಿ ಒಂದು ಟನ್ ಅಷ್ಟೇ. ಆ ಕಾಲಕ್ಕೆ ಮಾಜ್ಡಾದ್ದೇ ಒಂದು ಕಾರ್ಖಾನೆ ನಮ್ಮ ಮನೆಗೆ ಹತ್ತಿರದ ಫ್ಲಾಟ್ ರಾಕ್‌ನಲ್ಲಿತ್ತು. ಆದರೂ ಈ ಕಾರು ಹಡಗು ಹತ್ತಿ ಹಿರೋಷಿಮಾದಿಂದಲೇ ಬಂದಿದ್ದು.

ಇದನ್ನು ರೂಪಿಸಿದ ತೋಶಿಹಿಕೊ ಹಿರಾಯ್ ಅವರ ತಂಡ ಒಂದು ಮಾತು ಹಿಡಿದುಕೊಂಡಿತ್ತು. ಜಿನ್ಬಾ ಇಟ್ಟೈ. ಕುದುರೆ, ಸವಾರ ಇಬ್ಬರದೂ ಒಂದೇ ಮೈ ಅಂತ ಅರ್ಥ. ಜಾಹೀರಾತಿನವರು ಆಮೇಲೆ ಇದನ್ನು ಎಷ್ಟು ಉಜ್ಜಿದರು ಅಂದರೆ ಈಗ ಕೇಳಿದರೆ ಆಕಳಿಕೆ ಬರುತ್ತೆ. ಆದರೆ ಕಾರಿನ ಅಡಿಗೆ ಮಲಗಿ ನೋಡಿದರೆ ಅದು ಬರೀ ಮಾತಲ್ಲ ಅಂತ ಗೊತ್ತಾಗುತ್ತೆ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್. ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತೆ. ಚಕ್ರ ಎದ್ದರೂ ಬಿದ್ದರೂ ಟೈರು ರಸ್ತೆಗೆ ಆದಷ್ಟು ನೆಟ್ಟಗೆ ನಿಲ್ಲಲಿ ಅಂತ. ಕಡಿಮೆ ಬೆಲೆಯ ಪುಟ್ಟ ಕಾರಿಗೆ ಆಗ ಇಷ್ಟೆಲ್ಲ ಖರ್ಚು ಮಾಡುವವರು ಕಮ್ಮಿ.

ನಾನು ಕೊಂಡಾಗ ಅದಕ್ಕೆ 24 ವರ್ಷ. ಶಾಕಬ್ಸರ್‌ಗಳು ಮೂಲದವೇ ಇದ್ದವು ಅಂತ ಕಾಣುತ್ತೆ, ಅಂದರೆ ಇದ್ದೂ ಇಲ್ಲದ ಹಾಗೆ. ಬಾನೆಟ್ ಮೂಲೆಯನ್ನು ಅಂಗೈಲಿ ಒತ್ತಿ ಬಿಟ್ಟರೆ ಒಂದು ಸಲ ಎದ್ದು ಸುಮ್ಮನಾಗಬೇಕಾದ್ದು, ಎರಡು ಮೂರು ಸಲ ತಲೆದೂಗುತ್ತಿತ್ತು. ಹೈವೇಯಲ್ಲಿ ಸೇತುವೆ ಇಳಿದ ಮೇಲೂ ಇನ್ನೊಂದು ಸೇತುವೆ ಇದೆ ಅನ್ನೋ ಹಾಗೆ ತೇಲುತ್ತಿತ್ತು. ಅದೇ ನನ್ನ ಹೆಂಡತಿ ಹೇಳಿದ ದೋಣಿ.

ಶಾಕ್ ಅಬ್ಸಾರ್ಬರ್ ಅನ್ನೋ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತೆ. ಏಟು ತಿನ್ನೋದು ಸ್ಪ್ರಿಂಗ್. ಆದರೆ ಸ್ಪ್ರಿಂಗಿಗೆ ಒಂದು ಚಾಳಿ ಇದೆ, ತಿಂದದ್ದನ್ನು ಪೂರ್ತಿ ವಾಪಸ್ ಕೊಟ್ಟುಬಿಡುತ್ತೆ. ಒತ್ತಿದಷ್ಟೇ ಜೋರಾಗಿ ಎಗರುತ್ತೆ. ಆ ಎಗರಾಟಕ್ಕೆ ಲಗಾಮು ಹಾಕೋದು ಶಾಕಬ್ಸರ್ ಕೆಲಸ. ಒಳಗೆ ಎಣ್ಣೆ, ಎಣ್ಣೆಯೊಳಗೆ ಸಣ್ಣ ಸಣ್ಣ ಕಿಂಡಿಗಳಿರುವ ಒಂದು ಪಿಸ್ಟನ್. ಚಕ್ರ ಎದ್ದಾಗ, ಬಿದ್ದಾಗ ಎಣ್ಣೆ ಆ ಕಿಂಡಿಗಳಲ್ಲಿ ತಿಣುಕಿಕೊಂಡು ನುಗ್ಗಬೇಕು. ಜೇನುತುಪ್ಪದಲ್ಲಿ ಚಮಚ ಅದ್ದಿ ಎಳೆದ ಹಾಗೆ. ಚಲನೆಯೆಲ್ಲ ಬಿಸಿಯಾಗಿ ಹೋಗುತ್ತೆ. ಕೆಟ್ಟ ರಸ್ತೆಯಲ್ಲಿ ಸ್ವಲ್ಪ ಹೊತ್ತು ಓಡಿಸಿ ಬಂದು ಶಾಕಬ್ಸರ್ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ವರ್ಷಗಟ್ಟಲೆ ಓಡಿದ ಮೇಲೆ ಸೀಲ್ ಸವೆದು, ಎಣ್ಣೆ ಸೋರಿ, ಜೇನುತುಪ್ಪ ಹೋಗಿ ನೀರುಮಜ್ಜಿಗೆ ಉಳಿದಿರುತ್ತೆ.

ಬದಲಾಯಿಸಬೇಕು ಅನ್ನೋದೇನೋ ಸರಿ. ತಪ್ಪಿದ್ದು ಹೇಗೆ ಅನ್ನೋದರಲ್ಲಿ.

ಸ್ಪೋರ್ಟ್ಸ್ ಕಾರು ಅಂದರೆ ತಗ್ಗಿರಬೇಕು, ಗಟ್ಟಿಯಾಗಿರಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಫೋಟೋಗಳಲ್ಲಿ ನೋಡುತ್ತೀವಲ್ಲ, ಟೈರಿಗೂ ಅದರ ಮೇಲಿನ ಫೆಂಡರಿಗೂ ನಡುವೆ ಒಂದು ಬೆರಳು ತೂರದ ಹಾಗೆ. ಕಾಯ್ಲೋವರ್ ಅನ್ನೋ ಸೆಟ್ ಸಿಗುತ್ತೆ. ಸ್ಪ್ರಿಂಗು ಶಾಕಬ್ಸರು ಒಟ್ಟಿಗೇ ಇರುತ್ತೆ, ಎತ್ತರವನ್ನು ತಿರುಪು ತಿರುಗಿಸಿದ ಹಾಗೆ ತಿರುಗಿಸಿ ಇಳಿಸಬಹುದು. ಅದರಲ್ಲೂ ಅಗ್ಗದ್ದು ಒಂದು ಸಿಕ್ಕಿತು. ಒಂದು ಅಂಗಡಿಯಲ್ಲಿ ಕೊಟ್ಟು ಹಾಕಿಸಿದೆ. ಸುಮಾರು 4 ಸೆಂಟಿಮೀಟರ್ ಇಳಿಸಿದರು. ನಿಂತಾಗ ಕಾರು ನೋಡೋಕೆ ಏನು ಚೆಂದ! ನಾನೇ ಆಫೀಸಿನ ಕಿಟಕಿಯಿಂದ ಮೂರು ಮೂರು ಸಲ ಇಣುಕಿ ನೋಡುತ್ತಿದ್ದೆ.

ಓಡಿಸಿದರೆ ಮಾತ್ರ ಹಲ್ಲು ಕಚ್ಚಿಕೊಂಡು ಕೂರಬೇಕು. ಈ ಕಡೆ ಹೈವೇಗಳೆಲ್ಲ ಕಾಂಕ್ರೀಟ್ ಹಾಸು. ಹಾಸಿಗೂ ಹಾಸಿಗೂ ನಡುವೆ ಒಂದು ಕೂಡು. ಕಾಂಕ್ರೀಟ್ ರಸ್ತೆಯ ಹುಚ್ಚು ಇಲ್ಲಿಯವರಿಗೆ ಹಳೆಯದು. 1909ರಲ್ಲೇ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ಸಿಕ್ಸ್ ಮೈಲ್‌ನಿಂದ ಸೆವೆನ್ ಮೈಲ್ ರಸ್ತೆಯವರೆಗೆ ಒಂದು ಮೈಲಿ ಹಾಸಿ ಶುರು ಹಚ್ಚಿಕೊಂಡವರು. ಮಿಯಾಟಾದ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ ಬರೀ 2265 ಮಿಲಿಮೀಟರ್. ಗಂಟೆಗೆ 60 ಮೈಲಿ ವೇಗದಲ್ಲಿ ಮುಂದಿನ ಚಕ್ರ ಕೂಡು ದಾಟಿ ಸುಮಾರು ಸೆಕೆಂಡಿನ ಹನ್ನೆರಡನೇ ಒಂದು ಭಾಗದಲ್ಲಿ ಹಿಂದಿನದೂ ದಾಟುತ್ತೆ. ಟಪ್-ಟಪ್. ಟಪ್-ಟಪ್. ಉದ್ದದ ಕಾರಿನಲ್ಲಿ ಇದು ಗೊತ್ತೂ ಆಗಲ್ಲ. ಇದರಲ್ಲಿ ಬೆನ್ನುಹುರಿಯ ಮಣಿ ಎಣಿಸಬಹುದು.

ಇನ್ನೊಂದೂ ಕಾಣಿಸಿತು. ಗಾಜಿಗಂಟಿದ ಕನ್ನಡಿಯಲ್ಲಿ ಹಿಂದಿನ ಕಾರು ನಡುಗತೊಡಗಿತು. ಸ್ಟೀರಿಂಗ್ ಕೊಳವೆ ಸಣ್ಣಗೆ ಅದುರಲು ಶುರುವಾಯಿತು. ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಸ್ಕ್ರೂ ಸಡಿಲಾದ ಹಾಗೆ ಕಟಕಟ. ಎಲ್ಲ ಬಿಗಿ ಮಾಡಿದೆ. ಹೋಗಲಿಲ್ಲ. ಹೋಗುವಂಥದ್ದೂ ಅಲ್ಲ. ಚಾವಣಿ ಇರುವ ಕಾರು ಒಂದು ಮುಚ್ಚಿದ ಪೆಟ್ಟಿಗೆ. ಚಾವಣಿ ತೆಗೆದರೆ ಅದೇ ಪೆಟ್ಟಿಗೆ ಮುಚ್ಚಳ ಕಿತ್ತ ಶೂ ಡಬ್ಬ. ಎರಡು ತುದಿ ಹಿಡಿದು ತಿರುಚಿದರೆ ತಿರುಚಿಕೊಳ್ಳುತ್ತೆ. ಸ್ಪ್ರಿಂಗ್ ಮೆತ್ತಗಿದ್ದಾಗ ರಸ್ತೆಯ ಏಟು ಸ್ಪ್ರಿಂಗಿನಲ್ಲೇ ಮುಗಿಯುತ್ತೆ. ಸ್ಪ್ರಿಂಗ್ ಬಗ್ಗಲ್ಲ ಅಂತ ಹಟ ಹಿಡಿದರೆ ಅದಕ್ಕಿಂತ ಮೆತ್ತಗಿರೋದು ಯಾವುದೋ ಅದು ಬಗ್ಗಬೇಕು. ಇಲ್ಲಿ ಬಗ್ಗುತ್ತಿದ್ದದ್ದು 30 ವರ್ಷದ ಬಾಡಿ.

ಯುಗಾದಿ ಕಳೆದು ಎರಡು ವಾರವಾಗಿತ್ತು. ಎದುರು ಮನೆಯ ಹಿರಿಯರೊಬ್ಬರು ನಾಯಿ ಹಿಡಿದುಕೊಂಡು ಬಂದವರು ಗರಾಜ್ ಮುಂದೆ ನಿಂತರು. ಒಂದು ಕಾರು ಕಂಪನಿಯಲ್ಲಿ ಜೀವಮಾನವೆಲ್ಲ ಸಸ್ಪೆನ್ಷನ್, ಅಂದರೆ ಸ್ಪ್ರಿಂಗು ಶಾಕಬ್ಸರುಗಳ ಜೋಡಣೆ, ಹದ ಮಾಡುವ ಕೆಲಸ ಮಾಡಿ ನಿವೃತ್ತರಾದವರು. ಈ ಊರಲ್ಲಿ ಇಂಥವರು ಬೀದಿಗೊಬ್ಬರು ಸಿಗುತ್ತಾರೆ, ನಮ್ಮ ಕಡೆ ನಿವೃತ್ತ ಮೇಷ್ಟ್ರು ಸಿಗುವ ಹಾಗೆ. ಪಾಯಸದ ಕತೆ ಹೇಳಿದೆ. ನಗಲಿಲ್ಲ. ಜೇಬಿನಿಂದ ಏನೂ ತೆಗೆಯಲಿಲ್ಲ, ಕಾರು ಮುಟ್ಟಲೂ ಇಲ್ಲ. "ಜಿಪ್ ಟೈ ಇದೆಯಾ?" ಅಂದರು.

ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ. ಒಂದು ಡಾಲರಿಗೆ ಹಿಡಿಗಟ್ಟಲೆ ಸಿಗುತ್ತೆ. ಒಂದನ್ನು ಶಾಕಬ್ಸರ್‌ನ ಹೊಳೆಯುವ ಸರಳಿಗೆ ಸುತ್ತಿ, ಕೈಯಲ್ಲಿ ಜಾರಿಸಿದರೆ ಜಾರಬೇಕು, ತಾನಾಗಿ ಜಾರಬಾರದು ಅನ್ನೋ ಅಷ್ಟು ಬಿಗಿ ಮಾಡು ಅಂದರು. ಕೆಳಕ್ಕೆ, ಶಾಕಬ್ಸರ್ ಮೈಗೆ ತಾಗುವ ಹಾಗೆ ಇಳಿಸು. ಆಮೇಲೆ ಅರ್ಧ ಗಂಟೆ ಓಡಿಸಿ ಬಂದು ನೋಡು. ಸರಳು ಒಳಗೆ ಹೋದಾಗೆಲ್ಲ ಶಾಕಬ್ಸರ್ ಮೈ ಪಟ್ಟಿಯನ್ನು ಮೇಲೆ ತಳ್ಳುತ್ತೆ. ವಾಪಸ್ ಬಂದಾಗ ಪಟ್ಟಿ ಅಲ್ಲೇ ಉಳಿಯುತ್ತೆ. ಸಸ್ಪೆನ್ಷನ್ ಎಷ್ಟು ದೂರ ಓಡಾಡಿತು ಅಂತ ಅದೇ ಹೇಳುತ್ತೆ.

ಅರ್ಧ ಗಂಟೆ ಬೇಕಾಗಲಿಲ್ಲ. ನಮ್ಮ ಬೀದಿ ಸುತ್ತಿ ಬರುವಷ್ಟರಲ್ಲಿ ಹಿಂದಿನ ಎರಡೂ ಪಟ್ಟಿಗಳು ತುದಿಯವರೆಗೆ ಹೋಗಿ ಬಂಪ್ ಸ್ಟಾಪಿನ ಬುಡಕ್ಕೆ ಒತ್ತಿಕೊಂಡು ಕೂತಿದ್ದವು. ಒಂದು ಜಜ್ಜಿಹೋಗಿತ್ತು.

"ನಿನ್ನ ಕಾರು ಸ್ಪ್ರಿಂಗ್ ಮೇಲೆ ಓಡ್ತಾ ಇಲ್ಲ. ಬಂಪ್ ಸ್ಟಾಪ್ ಮೇಲೆ ಓಡ್ತಾ ಇದೆ" ಅಂದರು.

ಬಂಪ್ ಸ್ಟಾಪ್ ಅಂದರೆ ಆ ಸರಳಿನ ಮೇಲೇ ಪೋಣಿಸಿರುವ ಒಂದು ಫೋಮ್ ತುಂಡು. ಇಡ್ಲಿಗಿಂತ ಗಟ್ಟಿ, ರಬ್ಬರಿಗಿಂತ ಮೆತ್ತಗೆ. ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಲೋಹಕ್ಕೆ ಲೋಹ ಬಡಿಯದ ಹಾಗೆ ನಡುವೆ ನಿಂತುಕೊಳ್ಳುತ್ತೆ. ಈ ಕಾರಿನ ಸಸ್ಪೆನ್ಷನ್ನಿಗೆ ಮೊದಲೇ ಓಡಾಡಲು ಜಾಗ ಕಮ್ಮಿ. ಹಿಂದುಗಡೆಯಂತೂ ಬಹಳವೇ ಕಮ್ಮಿ. ಹಾಗಾಗಿ ಮೂಲದಲ್ಲೇ ಈ ಫೋಮನ್ನು ಕೊನೆಯ ಕಾವಲುಗಾರನ ಹಾಗಲ್ಲ, ಎರಡನೇ ಸ್ಪ್ರಿಂಗಿನ ಹಾಗೆ ಬಳಸಿದ್ದಾರೆ. ತಿರುವಿನಲ್ಲಿ ವಾಲಿದಾಗ, ಹಂಪ್ಸ್ ಹತ್ತಿದಾಗ ಅದು ಮೆಲ್ಲಗೆ ಭಾರ ತಗೊಳ್ಳುತ್ತೆ. ನಾನು ಏನು ಮಾಡಿದ್ದೆ? ಚೆಂದಕ್ಕೆ ಅಂತ ಕಾರು ಇಳಿಸಿ, ಇದ್ದ ಚೂರು ಜಾಗವನ್ನೂ ತಿಂದುಹಾಕಿದ್ದೆ. ಈಗ ಸುಮ್ನೆ ನಿಂತಾಗಲೇ ಶಾಕಬ್ಸರ್ ಮೈ ಫೋಮಿಗೆ ಒಂದೆರಡು ಬೆರಳಿನಷ್ಟು ದೂರದಲ್ಲಿತ್ತು. ತಟ್ಟೆಯಷ್ಟು ಅಗಲದ ಗುಂಡಿ ಸಾಕು, ಬಡಿಯೋಕೆ.

ಹಾಗಿದ್ದರೆ ಗಟ್ಟಿ ಸ್ಪ್ರಿಂಗ್ ತಪ್ಪಾ? ರೇಸ್ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಅದು ಬೇಕೇ ಬೇಕು. ಅಲ್ಲಿ ನೆಲ ಚಪ್ಪಟೆ, ಟೈರು ಅಂಟು, ಕಾರಿನೊಳಗೆ ರೋಲ್ ಕೇಜ್ ಅನ್ನೋ ಉಕ್ಕಿನ ಪಂಜರ ಬೇರೆ ಹಾಕಿರುತ್ತಾರೆ. ನನ್ನ ಕಾರು ದಿನಸಿ ತರೋಕೆ ಹೋಗುವ ಕಾರು. ಅದಕ್ಕೆ ಟ್ರ್ಯಾಕಿನ ವೇಷ ಹಾಕಿದ್ದು ನಾನು.

ಆ ಚಳಿಗಾಲಕ್ಕೆ ಎಲ್ಲ ಬಿಚ್ಚಿ ಮತ್ತೆ ಮಾಡೋದು ಅಂತ ನಿರ್ಧರಿಸಿದೆ. ಈ ಸಲ ನಾನೇ. ಅದೃಷ್ಟಕ್ಕೆ ಮೂಲದ ಸ್ಪ್ರಿಂಗ್‌ಗಳನ್ನು ಎಸೆದಿರಲಿಲ್ಲ. ಬೇಸ್‌ಮೆಂಟಿನಲ್ಲಿ ಊರಿಂದ ಬಂದ ಉಪ್ಪಿನಕಾಯಿ ಜಾಡಿಗಳ ಪಕ್ಕ ಹಳೇ ಪೇಪರ್ ಸುತ್ತಿಕೊಂಡು ಕೂತಿದ್ದವು. "ಗುಜರಿಗೆ ಹಾಕಿ ಅಂದ್ರೆ ಕೇಳಲ್ಲ" ಅಂತ ಅದಕ್ಕೂ ಬೈಸಿಕೊಂಡಿದ್ದೆ.

ಶಾಕಬ್ಸರ್ ಆರಿಸೋದರಲ್ಲಿ ಒಂದು ತಿಂಗಳು ಹೋಯಿತು. ಕೊನೆಗೆ ಉಳಿದದ್ದು ಎರಡು ಹೆಸರು. ಜರ್ಮನಿಯ ಬಿಲ್‌ಸ್ಟೈನ್, ನೆದರ್‌ಲ್ಯಾಂಡ್ಸಿನ ಕೋನಿ. ಬಿಲ್‌ಸ್ಟೈನ್‌ನದು ಒಂದೇ ಕೊಳವೆಯ ಶಾಕಬ್ಸರ್. ಒಳಗೆ ಒತ್ತಿ ತುಂಬಿದ ನೈಟ್ರೋಜನ್ ಗ್ಯಾಸ್, ಗ್ಯಾಸಿಗೂ ಎಣ್ಣೆಗೂ ನಡುವೆ ಒಂದು ತೇಲುವ ಪಿಸ್ಟನ್. ಎಷ್ಟೇ ಕುಲುಕಿದರೂ ಎಣ್ಣೆಯಲ್ಲಿ ನೊರೆ ಬರಲ್ಲ, ಬಿಸಿಯೂ ಬೇಗ ಆರುತ್ತೆ. ಗಟ್ಟಿಮುಟ್ಟು ಸಾಮಾನು. 1994ರಲ್ಲಿ ಮಾಜ್ಡಾದವರೇ ಮಿಯಾಟಾಕ್ಕೆ ಆರ್ ಪ್ಯಾಕೇಜ್ ಅಂತ ಕೊಟ್ಟಾಗ ಅದನ್ನೇ ಹಾಕಿದ್ದರು.

ನಾನು ಕೋನಿ ಹಿಡಿದೆ. ಒಂದು ಕಾರಣ, ಅದರ ತಲೆಯಲ್ಲಿ ಒಂದು ತಿರುಪು ಇದೆ. ಬಾನೆಟ್ ಎತ್ತಿ, ಡಿಕ್ಕಿ ತೆಗೆದು ಕೈಯಲ್ಲೇ ತಿರುಗಿಸಬಹುದು. ಅದು ಬದಲಾಯಿಸೋದು ರಿಬೌಂಡ್ ಮಾತ್ರ, ಅಂದರೆ ಒತ್ತಿದ ಸ್ಪ್ರಿಂಗು ವಾಪಸ್ ಎಗರುವಾಗಿನ ಹಿಡಿತ. ಒತ್ತುವಾಗಿನದು ಹಾಗೇ ಮೆತ್ತಗೆ ಉಳಿಯುತ್ತೆ. ಗುಂಡಿಯ ಏಟು ಒತ್ತುವಾಗ ಬರೋದು, ದೋಣಿಯ ತೇಲಾಟ ಎಗರುವಾಗ ಬರೋದು. ನನಗೆ ಬೇಕಿದ್ದದ್ದು ಎರಡನೆಯದಕ್ಕೆ ಮದ್ದು, ಮೊದಲನೆಯದನ್ನು ಕೆಣಕದೆ. ಇನ್ನೊಂದು ಕಾರಣ ಸುಮ್ನೆ ಮನಸ್ಸಿಗೆ ಹಿಡಿಸಿದ್ದು. ಕೋನಿ ಮನೆತನ 1857ರಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ಕುದುರೆಯ ಜೀನು, ಪಟ್ಟಿ ಅಂಥ ಸಾಮಾನು. ಕುದುರೆ, ಸವಾರ ಅಂತ ಹೆಸರು ಹೇಳಿಕೊಂಡು ಬಂದ ಕಾರಿಗೆ ಜೀನು ಹೊಲಿಯುತ್ತಿದ್ದವರ ಶಾಕಬ್ಸರ್. ಇದು ಎಂಜಿನಿಯರಿಂಗ್ ಕಾರಣ ಅಲ್ಲ ಅಂತ ಗೊತ್ತು.

ಎಲ್ಲಕ್ಕಿಂತ ಜಾಣ ಖರೀದಿ ಮಾತ್ರ ಬೇರೆ. ಈ ಕಾರಿನ ಎರಡನೇ ತಲೆಮಾರು ಬಂದಾಗ ಶಾಕಬ್ಸರಿನ ತಲೆಯನ್ನು ಕಾರಿನ ಮೈಗೆ ಕಟ್ಟುವ ಟೋಪಿಯಂಥ ಮೌಂಟನ್ನು ಮಾಜ್ಡಾದವರು ಬದಲಾಯಿಸಿದರು. ಹೊಸದರಲ್ಲಿ ಸರಳಿಗೆ ಓಡಾಡಲು ಸ್ವಲ್ಪ ಜಾಸ್ತಿ ಜಾಗ ಇದೆ. ಅದೇ ಮೌಂಟು ಹಳೇ ಕಾರಿಗೂ ಕೂರುತ್ತೆ. ಮಿಯಾಟಾ ಇಟ್ಟುಕೊಂಡವರಲ್ಲಿ ಇದು ಗುಟ್ಟೇನಲ್ಲ, ಆದರೆ ನಿಂತಾಗ ಕಾಣಿಸದ ಸಾಮಾನಿಗೆ ದುಡ್ಡು ಹಾಕಲು ಯಾರಿಗೂ ಮನಸ್ಸು ಬರಲ್ಲ. ನನಗೂ ಬಂದಿರಲಿಲ್ಲ. ನಾಲ್ಕು ಮೌಂಟು, ಜೊತೆಗೆ ಹೊಸ ಬಂಪ್ ಸ್ಟಾಪ್ ತರಿಸಿದೆ.

ಜನವರಿಯಲ್ಲಿ ಕೆಲಸ ಶುರು. ಗರಾಜ್‌ನಲ್ಲಿ ಸಣ್ಣ ಹೀಟರ್, ಮೇಲೆ ಎರಡು ಸ್ವೆಟರ್. ಮುಂದಿನ ಎರಡು ಚಕ್ರ ಸಲೀಸು. ಬಾನೆಟ್ ಒಳಗೆ ಮೇಲೆ ಎರಡು ನಟ್ಟು, ಕೆಳಗಿನ ತೋಳಲ್ಲಿ ಒಂದು ಬೋಲ್ಟು, ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಆಂಟಿರೋಲ್ ಬಾರ್‌ನ ಕೊಂಡಿ. ತೋಳುಗಳ ಸಂದಿನಿಂದ ಹೊರಗೆ ಎಳೆಯಲು ಸ್ವಲ್ಪ ಮಲ್ಲಯುದ್ಧ ಮಾಡಬೇಕು, ಅಷ್ಟೇ.

ಹಿಂದಿನದರಲ್ಲಿ ಕಾದಿತ್ತು. ಚಕ್ರ ಕೂರುವ ಹಬ್ ಅನ್ನೋ ಭಾಗವನ್ನು ಕೆಳಗಿನ ತೋಳಿಗೆ ಸೇರಿಸುವ ಒಂದು ಉದ್ದ ಬೋಲ್ಟು ಇದೆ. ಗೇಣುದ್ದಕ್ಕೂ ಜಾಸ್ತಿ. ಅದು ತೋಳಿನ ಕೀಲಿಗೆ ಹಾಕುವ ರಬ್ಬರ್ ಬುಷ್‌ನ ಉಕ್ಕಿನ ಕೊಳವೆಗಳ ಮಧ್ಯೆ ತೂರಿ ಆಚೆ ಹೋಗುತ್ತೆ. ಈ ಊರಿನ ಕಾರಿನಲ್ಲಿ ಅದು ಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡಿರುತ್ತೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದರ ಫಲ. ಡೆಟ್ರಾಯಿಟ್ ಊರಿನ ಕೆಳಗೇ, ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿ ಇದೆ. ಉಪ್ಪಿಗೆ ಇಲ್ಲಿ ಬರ ಇಲ್ಲ. ನನ್ನ ಕಾರಿನ ಮೊದಲ ಒಡೆಯರು ಟೆನೆಸಿಯವರು, ಬಾಡಿ ಚೆನ್ನಾಗಿದೆ. ಎರಡನೆಯವರು ಮಿಷಿಗನ್‌ನವರು, ಬೋಲ್ಟುಗಳ ಗತಿ ಹೀಗಿದೆ.

ನಟ್ಟು ಬಂತು. ಬೋಲ್ಟು ಅಲುಗಲಿಲ್ಲ. ಮೊದಲ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟೆ. ಎರಡನೇ ಸಂಜೆ ಸುತ್ತಿಗೆ. ಬೋಲ್ಟಿನ ತಲೆಗೆ ಉದ್ದನೆ ಪೈಪು ಸಿಕ್ಕಿಸಿದ ಸ್ಪ್ಯಾನರ್ ಹಾಕಿ ಕಾಲಲ್ಲಿ ಒದ್ದೆ. ತಿರುಗಿತು! ಖುಷಿಯಾದೆ. ನೋಡಿದರೆ ಬೋಲ್ಟಿನ ಜೊತೆ ಒಳಗಿನ ಕೊಳವೆಯೂ ತಿರುಗುತ್ತಿದೆ, ಬುಷ್‌ನ ರಬ್ಬರ್ ತಿರುಚಿಕೊಂಡು ಮತ್ತೆ ವಾಪಸ್ ಬರುತ್ತಿದೆ. ನನ್ನನ್ನು ಅಣಕಿಸಿದ ಹಾಗೆ. ಮೂರನೇ ಸಂಜೆ ಬೆಂಕಿ ಉಗುಳುವ ಟಾರ್ಚ್ ಹಚ್ಚಿ ಕಾಯಿಸಿದೆ. ಸುಟ್ಟ ರಬ್ಬರ್ ವಾಸನೆ ಮನೆಯೊಳಗೆಲ್ಲ ತುಂಬಿ, ಹೊಗೆ ಅಲಾರಂ ಹೊಡೆದುಕೊಂಡು, ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ಗರಾಜ್ ಬಾಗಿಲಿಗೆ ಬಂದಳು. "ಈ ಸಲ ನನ್ನ ಒಗ್ಗರಣೆಯಿಂದ ಅಲ್ಲ ತಾನೇ?" ಅಂದು ಹೋದಳು.

ಕೊನೆಗೆ ಗರಗಸದ ಮಿಷಿನ್ನಿನಲ್ಲಿ ಕೊಯ್ದೆ. ತೋಳಿಗೂ ಹಬ್ಬಿಗೂ ನಡುವಿನ ಸಂದಿ ಬ್ಲೇಡು ಹಿಡಿಸುವಷ್ಟೇ ಇದೆ. ಎರಡು ಬ್ಲೇಡು ಮೊಂಡಾದವು. ತುಂಡಾದ ಬೋಲ್ಟನ್ನು ಕೈಯಲ್ಲಿ ಹಿಡಿದು ನೋಡಿದರೆ ನಡುವೆ ಕಂದು ತೊಗಟೆ, ಮರದ ಬೇರು ಕಿತ್ತ ಹಾಗೆ. ಇನ್ನೂ ಇಟ್ಟುಕೊಂಡಿದ್ದೇನೆ. ಹೊಸ ಬೋಲ್ಟು ಕೂರಿಸುವಾಗ ಉದ್ದಕ್ಕೂ ಗ್ರೀಸ್ ಬಳಿದೆ. ಮುಂದೆ ಯಾರು ಬಿಚ್ಚುತ್ತಾರೋ ಅವರು ನನ್ನ ನೆನೆದುಕೊಳ್ಳಲಿ.

ಹಳೇ ಸ್ಪ್ರಿಂಗನ್ನು ಹೊಸ ಶಾಕಬ್ಸರಿಗೆ ಏರಿಸೋದು ನನಗೆ ಹೆದರಿಕೆಯ ಕೆಲಸ. ಬಿಡಿಭಾಗದ ಅಂಗಡಿಯಲ್ಲಿ ಸ್ಪ್ರಿಂಗ್ ಒತ್ತುವ ಸಾಧನ ಎರವಲು ಕೊಡುತ್ತಾರೆ. ಎರಡು ಕಡೆ ಕೊಕ್ಕೆ ಸಿಕ್ಕಿಸಿ, ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು. ಒತ್ತಿದ ಸ್ಪ್ರಿಂಗ್ ಬುಸುಗುಡದೆ ಸುರುಳಿ ಸುತ್ತಿಕೊಂಡು ಕೂತ ಹಾವು. ಮುಖವನ್ನು ಅದರ ನೇರಕ್ಕೆ ಯಾವತ್ತೂ ತರಬಾರದು. ಆ ಎರಡು ಗಂಟೆ ನಾನು ರೇಡಿಯೋ ಕೂಡ ಹಾಕಲಿಲ್ಲ.

ಇನ್ನು ಒಂದು ವಿಷಯ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಅರ್ಧ ಕಷ್ಟ ತಪ್ಪುತ್ತಿತ್ತು. ತೋಳುಗಳ ಬುಡದಲ್ಲಿ ರಬ್ಬರ್ ಬುಷ್ ಇರುತ್ತಲ್ಲ, ಅದು ಬಾಗಿಲ ಕೀಲಿನ ಹಾಗೆ ನುಣ್ಣಗೆ ಸುತ್ತಲ್ಲ. ಹೊರಗಿನ ಕೊಳವೆಗೂ ಒಳಗಿನ ಕೊಳವೆಗೂ ರಬ್ಬರ್ ಅಂಟಿರುತ್ತೆ. ಬೋಲ್ಟು ಬಿಗಿ ಮಾಡಿದಾಗ ಒಳಗಿನ ಕೊಳವೆ ಹಿಡಿದುಕೊಳ್ಳುತ್ತೆ. ಆಮೇಲೆ ತೋಳು ಆಡುವಾಗೆಲ್ಲ ರಬ್ಬರ್ ತಿರುಚಿಕೊಳ್ಳುತ್ತೆ. ಬಿಗಿ ಮಾಡುವಾಗ ತೋಳು ಯಾವ ಭಂಗಿಯಲ್ಲಿತ್ತೋ ಅದೇ ರಬ್ಬರಿಗೆ ಆರಾಮಿನ ಭಂಗಿ. ಕಾರನ್ನು ಲಿಫ್ಟಿನಲ್ಲಿ ಎತ್ತಿ, ಚಕ್ರ ಜೋತುಬಿದ್ದಾಗಲೇ ಬೋಲ್ಟು ಬಿಗಿ ಮಾಡಿಬಿಟ್ಟರೆ? ನೆಲಕ್ಕೆ ಇಳಿಸಿದ ಕ್ಷಣದಿಂದ ರಬ್ಬರು ಹಿಂಡಿದ ಒದ್ದೆ ಬಟ್ಟೆ. ಕಾರು ಎಗರುತ್ತೆ, ಬುಷ್ ಬೇಗ ಹರಿಯುತ್ತೆ. ನನ್ನ ಕಾರಿಗೆ ಹಿಂದಿನ ಸಲ ಆಗಿದ್ದೇ ಇದು. ಬಿಚ್ಚುವಾಗ ಬೋಲ್ಟು ಸಡಿಲವಾಗುತ್ತಿದ್ದ ಹಾಗೇ ತೋಳು ಟಕ್ ಅಂತ ಕೆಳಗೆ ಜಿಗಿಯಿತು. ಆಗ ಗೊತ್ತಾಯಿತು.

ನಾನು ನಾಲ್ಕೂ ಟೈರಿನ ಕೆಳಗೆ ಮರದ ಹಲಗೆ ಪೇರಿಸಿ, ಕಾರಿನ ಭಾರವೆಲ್ಲ ಚಕ್ರದ ಮೇಲೆ ಬರುವ ಹಾಗೆ ನಿಲ್ಲಿಸಿ, ಕೆಳಗೆ ತೆವಳಿಕೊಂಡು ಹೋಗಿ ಒಂದೊಂದೇ ಬೋಲ್ಟು ಬಿಗಿ ಮಾಡಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ಅಲ್ಲಿ ಮಲಗಿದ್ದಾಗಲೇ ನೋಡಿದ್ದು, ತಳದ ಎರಡು ಉದ್ದ ರೈಲುಗಳು ಅಲ್ಲಲ್ಲಿ ಚಪ್ಪಟೆಯಾಗಿವೆ. ಹಿಂದೆ ಯಾರೋ ಜಾಕಿಯನ್ನು ತಪ್ಪು ಜಾಗಕ್ಕೆ ಕೊಟ್ಟಿದ್ದಾರೆ. ಹಳೇ ಮಿಯಾಟಾಗಳಲ್ಲಿ ಸಾಮಾನ್ಯ. ಅದಕ್ಕೆ ಮೇಲಿಂದ ಹಾಕುವ ಬಲಪಟ್ಟಿ ಸಿಗುತ್ತೆ. ನೋಡೋಣ.

ಕೊನೆಗೆ ಅಲೈನ್‌ಮೆಂಟ್. ಈ ಕಾರಿನ ಕೆಳಗಿನ ತೋಳುಗಳಲ್ಲಿ ಚಕ್ರಕ್ಕೆ ಎರಡರಂತೆ ಒಟ್ಟು ಎಂಟು ಕ್ಯಾಮ್ ಬೋಲ್ಟುಗಳಿವೆ. ಅವನ್ನು ತಿರುಗಿಸಿ ಚಕ್ರ ಒಳಕ್ಕೆ ಎಷ್ಟು ವಾಲಬೇಕು, ಯಾವ ಕಡೆ ಮುಖ ಮಾಡಬೇಕು ಎಲ್ಲ ಹೊಂದಿಸಬಹುದು. ಹಿಂದಿನ ಚಕ್ರಕ್ಕೂ ಇದೆಲ್ಲ ಇರೋದು ಈ ಕಾರಿನ ಸೊಗಸು. ಒಂದು ಟನ್ನಿನ ಕಾರಿನಲ್ಲಿ ಓಡಿಸುವವನ ತೂಕ ಲೆಕ್ಕಕ್ಕೆ ಬರುತ್ತೆ, ಆದ್ದರಿಂದ ಸೀಟಿನಲ್ಲಿ ಆ ತೂಕ ಇಟ್ಟು ಅಳೆಯಬೇಕು. ಎಲ್ಲರೂ ಮರಳಿನ ಚೀಲ ಇಡುತ್ತಾರೆ. ನಾನು ಇಂಡಿಯನ್ ಅಂಗಡಿಯಿಂದ ತಂದ 20 ಪೌಂಡಿನ ಸೋನಾ ಮಸೂರಿ ಚೀಲ ಎಂಟು ಪೇರಿಸಿಕೊಂಡು ಹೋದೆ. 160 ಪೌಂಡು. ನನ್ನ ತೂಕ ಅದಕ್ಕಿಂತ ಒಂದು ಚೀಲ ಜಾಸ್ತಿ, ಆದರೆ ಒಂಬತ್ತನೆಯದು ಸೀಟಿನಲ್ಲಿ ನಿಲ್ಲಲಿಲ್ಲ. ಅಲೈನ್‌ಮೆಂಟ್ ಮಾಡುವ ಹುಡುಗ ಚೀಲದ ಮೇಲಿನ ಅಕ್ಷರ ಓದಲು ಪ್ರಯತ್ನಿಸಿ ಬಿಟ್ಟುಬಿಟ್ಟ. ಮನೆಗೆ ಬಂದ ಮೇಲೆ ಅವಳು ಕೇಳಿದಳು. "ಅಷ್ಟೂ ಅಕ್ಕಿಗೆ ಗ್ರೀಸ್ ವಾಸನೆ ಹಿಡಿದಿರಲ್ಲ ತಾನೇ?"

ಮೇ ತಿಂಗಳ ಮೊದಲ ವಾರ. ಮಳೆ ಬಂದು ರಸ್ತೆಯ ಉಪ್ಪೆಲ್ಲ ತೊಳೆದಿತ್ತು. ಚಾವಣಿ ಮಡಚಿ ಹೈನ್ಸ್ ಡ್ರೈವ್‌ಗೆ ಹೋದೆ. ಡಿಯರ್‌ಬಾರ್ನ್‌ನಿಂದ ನಾರ್ತ್‌ವಿಲ್‌ವರೆಗೆ ರೂಜ್ ನದಿಯ ಪಕ್ಕದಲ್ಲೇ ಪಾರ್ಕಿನ ಒಳಗೆ ಸುತ್ತಿಕೊಂಡು ಹೋಗುವ ರಸ್ತೆ. ಹೆಸರು ಎಡ್ವರ್ಡ್ ಹೈನ್ಸ್ ಅವರದು. ರಸ್ತೆ ನಡುವೆ ಗೆರೆ ಎಳೆಯಬೇಕು ಅಂತ 1911ರಲ್ಲಿ ಇದೇ ಕೌಂಟಿಯಲ್ಲಿ ಹೊಳೆದದ್ದು ಆ ಮಹಾರಾಯರಿಗೆ. ಅಲ್ಲಿ ಜೋರಾಗಿ ಓಡಿಸುವಂತಿಲ್ಲ, ಬೇಕಾಗಿಯೂ ಇಲ್ಲ.

ಮೊದಲ ತಿರುವಿನಲ್ಲೇ ಗೊತ್ತಾಯಿತು. ಕಾರು ವಾಲಿತು. ಹೌದು, ಕಾಯ್ಲೋವರ್ ಇದ್ದಾಗಿಗಿಂತ ಜಾಸ್ತಿಯೇ ವಾಲಿತು. ಆದರೆ ಒಂದು ಸಲ ವಾಲಿ, ಅಲ್ಲಿ ಕೂತು, ನಾನು ಸ್ಟೀರಿಂಗ್ ನೇರ ಮಾಡಿದಾಗ ಒಂದೇ ಸಲಕ್ಕೆ ಎದ್ದು ನಿಂತಿತು. ತಿರುವಿನ ಮಧ್ಯೆ ಒಂದು ಉಬ್ಬು ಬಂತು. ಮುಂಚೆ ಅಲ್ಲಿ ಹಿಂಭಾಗ ಅರ್ಧ ಅಡಿ ಪಕ್ಕಕ್ಕೆ ಹಾರುತ್ತಿತ್ತು. ಈಗ ಚಕ್ರ ಮೇಲೆ ಹೋಗಿ ಕೆಳಗೆ ಬಂತು, ನಾನು ಅಲ್ಲೇ ಇದ್ದೆ. ಬರುವಾಗ ಬೇಕಂತಲೇ ಐ-275 ಹೈವೇ ಹಿಡಿದೆ. ಟಪ್-ಟಪ್ ಇನ್ನೂ ಇದೆ, ಅಷ್ಟು ಗಿಡ್ಡ ಕಾರಿಗೆ ಅದು ಹೋಗಲ್ಲ. ಆದರೆ ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಓದಲು ಆಗುತ್ತಿತ್ತು.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಜಿಪ್ ಟೈ ನೋಡಿದ್ದು. ಮುಂದಿನವು ಬಂಪ್ ಸ್ಟಾಪ್ ಮುಟ್ಟಿರಲೇ ಇಲ್ಲ. ಹಿಂದಿನವು ಮುಟ್ಟಿ, ಸ್ವಲ್ಪ ಒತ್ತಿ ನಿಂತಿದ್ದವು, ಜಜ್ಜಿರಲಿಲ್ಲ. ಎದುರು ಮನೆಯವರನ್ನು ಕರೆದು ತೋರಿಸಿದೆ. ಬಗ್ಗಿ ನೋಡಿ, ಕೋನಿಯ ತಿರುಪನ್ನು ಕಾಲು ಸುತ್ತು ಮೆತ್ತಗೆ ಮಾಡು ಅಂದರು. ಮಾಡಿದೆ. ಏನು ವ್ಯತ್ಯಾಸ ಆಯಿತು ಅಂತ ನನಗೆ ಗೊತ್ತಾಗಲಿಲ್ಲ. ಅವರಿಗೆ ಗೊತ್ತಾಯಿತಂತೆ.

ಕಾರು ಈಗ ನಿಂತಾಗ ಅಷ್ಟು ಚೆಂದ ಕಾಣಲ್ಲ. ಟೈರಿಗೂ ಫೆಂಡರಿಗೂ ನಡುವೆ ಮೂರು ನಾಲ್ಕು ಬೆರಳು ತೂರುತ್ತೆ. ಒಂದು ಸಿಗ್ನಲ್ಲಿನಲ್ಲಿ ಇನ್ನೊಬ್ಬ ಮಿಯಾಟಾದ ಹುಡುಗ ಪಕ್ಕಕ್ಕೆ ಬಂದು "ಯಾವಾಗ ಇಳಿಸ್ತೀಯಾ?" ಅಂತ ಕೇಳಿದ. ಇಳಿಸಿ, ಎತ್ತಿ ಆಯ್ತಪ್ಪ ಅಂದೆ. ಹಸಿರು ದೀಪ ಬಂತು. ಅವನ ಕಾರು ಮುಂದಿನ ಕೂಡಿನ ಮೇಲೆ ಕುಪ್ಪಳಿಸಿಕೊಂಡು ಹೋದದ್ದು ನೋಡಿದೆ.

ನವೆಂಬರಿನಲ್ಲಿ ರಾಜ್ಯೋತ್ಸವದ ಊಟ. ಹಿಮ ಇನ್ನೂ ಬಿದ್ದಿರಲಿಲ್ಲ. ದೊಡ್ಡ ಕಾರು ಚೆನ್ನಾಗಿಯೇ ಇತ್ತು, ಆದರೂ ನಾನು ಮಿಯಾಟಾದ ಬೀಗದ ಕೈ ತಗೊಂಡೆ. ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಪಾಯಸದ ಡಬ್ಬಿ ನೋಡಿದಳು, ಒಳಗೆ ಹೋಗಿ ಒಂದು ಹಳೇ ಟವಲ್ ತಂದು ತೊಡೆ ಮೇಲೆ ಹಾಸಿಕೊಂಡು ಕೂತಳು.

ಅದೇ ರಸ್ತೆ. ಗುಂಡಿಗೆ ತೇಪೆ ಹಾಕಿದ್ದರು, ತೇಪೆಯೂ ಕಿತ್ತುಹೋಗಿತ್ತು. ದಾಟಿದೆವು. ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಳು. ಏನೂ ಆಗಲಿಲ್ಲ. ಒಂದು ಮೈಲಿ ಸುಮ್ಮನಿದ್ದಳು.

"ರೀ, ಅದೇನೋ ಟಿಂಗ್ ಟಿಂಗ್ ಅಂತ ಸದ್ದು ಬರ್ತಿದೆ."

ನನಗೂ ಕೇಳಿಸುತ್ತಿತ್ತು. ಎದೆ ಧಸಕ್ ಅಂತು. ಹೊಸ ಮೌಂಟಿನ ನಟ್ಟು? ಆಂಟಿರೋಲ್ ಬಾರ್‌ನ ಕೊಂಡಿ? ಆ ಉದ್ದ ಬೋಲ್ಟು? ಪ್ರತಿ ಕೂಡಿಗೂ ಸರಿಯಾಗಿ ಎರಡು ಸಲ, ಟಿಂಗ್ ಟಿಂಗ್. ಮುಂದಿನ ಎಗ್ಸಿಟ್ ತಗೊಂಡು ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಇಳಿದು ಬಾನೆಟ್ ಎತ್ತಿದೆ. ಟಾರ್ಚ್ ಹಾಕಿ ಚಕ್ರದ ಒಳಗೆ ನೋಡಿದೆ. ಡಿಕ್ಕಿ ತೆಗೆದು ಹಿಂದಿನ ನಾಲ್ಕೂ ನಟ್ಟು ಕೈಯಲ್ಲಿ ಮುಟ್ಟಿ ನೋಡಿದೆ. ಎಲ್ಲ ಬಿಗಿಯಾಗಿಯೇ ಇದ್ದವು. ಹಬ್ಬದ ಜುಬ್ಬದ ತೋಳಿಗೆ ಗ್ರೀಸ್ ಆಯಿತು.

ವಾಪಸ್ ಬಂದು ನೋಡಿದರೆ ಅವಳು ಡಬ್ಬಿಯ ಮುಚ್ಚಳ ತೆಗೆದುಕೊಂಡು ಕೂತಿದ್ದಳು. ಒಳಗೆ ಬಡಿಸಲು ಅಂತ ಹಾಕಿದ್ದ ಸೌಟು.